ಕ್ಲೌಡ್ ಎಂಜಿನಿಯರ್ ಆಗಬೇಕೆ? ಸರ್ಟಿಫಿಕೇಟ್‌ಗೆ ಮೊದಲು ಇಷ್ಟು ಕಲಿಯಿರಿ

‘ಯಾವ ಸರ್ಟಿಫಿಕೇಷನ್ ಮಾಡ್ಲಿ ಸಾರ್?’ ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷಕ್ಕೆ ಬಂದವರು ಕೇಳುವುದು ಇದನ್ನೇ. ಪರೀಕ್ಷೆ ಆಮೇಲೆ ಬರೆದರಾಯಿತು. ಸರ್ವರ್ ತೆರೆಯದಿದ್ದಾಗ ಎಲ್ಲಿಂದ ಹುಡುಕಬೇಕು ಎನ್ನುವುದು ಮೊದಲು ಗೊತ್ತಿರಬೇಕು.

ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳು. ಅವುಗಳಲ್ಲಿ ಹೆಚ್ಚಿನವು ಓಡುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್, ಅದರಿಂದಲೇ ಶುರು ಮಾಡಿ. ಮನೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿಕೊಳ್ಳಿ. ಫೈಲ್ ಪರ್ಮಿಷನ್, ಸರ್ವಿಸ್ ರೀಸ್ಟಾರ್ಟ್, ಲಾಗ್ ಓದುವುದು ಮೌಸ್ ಮುಟ್ಟದೆ ಬರಬೇಕು. ಪೈಥಾನ್ ಸ್ವಲ್ಪ ಬಂದರೆ ಸಾಕು, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಚೆನ್ನಾಗಿ ಬರಬೇಕು.

ನೆಟ್‌ವರ್ಕಿಂಗ್‌ನಲ್ಲಿ ಆತುರ ಬೇಡ, ಹೆಚ್ಚಿನವರು ಎಡವುವುದೇ ಇಲ್ಲಿ. 10.0.0.0/16 ಎಂದು ಬರೆದ ನೆಟ್‌ವರ್ಕ್‌ನಲ್ಲಿ 65,536 ಐಪಿ ವಿಳಾಸ. ಅದರಲ್ಲಿ ಒಂದು /24 ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ತುಂಡು) ಮಾಡಿದರೆ 256. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ನಿಮ್ಮ ಕೈಗೆ ಸಿಗುವುದು 251, ಐದನ್ನು ಅದೇ ಇಟ್ಟುಕೊಳ್ಳುತ್ತದೆ. ಡೇಟಾಬೇಸ್ ಹೊರಗಿನ ಇಂಟರ್ನೆಟ್‌ನಿಂದ ನೇರ ತಲುಪಲಾಗದ ಪ್ರೈವೇಟ್ ಸಬ್‌ನೆಟ್‌ನಲ್ಲೇ ಇರಲಿ. ವೆಬ್ ಸರ್ವರಿನ 443 ಪೋರ್ಟ್ (ಎಚ್‌ಟಿಟಿಪಿಎಸ್ ಬಾಗಿಲು) ಎಲ್ಲರಿಗೂ ತೆರೆದಿರಲಿ, ಸರ್ವರಿಗೆ ಲಾಗಿನ್ ಆಗುವ 22 (ಎಸ್‌ಎಸ್‌ಎಚ್) ನಿಮ್ಮ ಐಪಿಗೆ ಮಾತ್ರ. ಪೇಜ್ ಸುತ್ತುತ್ತಲೇ ಇದ್ದು ಟೈಮ್‌ಔಟ್ ಆಯಿತೆ? ಯಾರನ್ನು ಒಳಗೆ ಬಿಡಬೇಕೆಂದು ಹೇಳುವ ಸೆಕ್ಯುರಿಟಿ ಗ್ರೂಪ್, ಯಾವ ದಾರಿಯಲ್ಲಿ ಕಳಿಸಬೇಕೆಂದು ಹೇಳುವ ರೂಟ್ ಟೇಬಲ್ ನೋಡಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಥಟ್ಟನೆ ಬಂದರೆ ದಾರಿ ಸರಿಯಿದೆ, ಹೆಚ್ಚಾಗಿ ಸರ್ವಿಸ್ ಓಡುತ್ತಿಲ್ಲ. ಈ ವ್ಯತ್ಯಾಸ ಗೊತ್ತಿದ್ದವರಿಗೆ ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ.

ಈಗ ಎಡಬ್ಲ್ಯೂಎಸ್ ಅಕೌಂಟ್ ತೆರೆಯಿರಿ. ಎಲ್ಲ ಅಧಿಕಾರ ಇರುವ ರೂಟ್ ಲಾಗಿನ್‌ಗೆ ಎಂಎಫ್‌ಎ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪರಿಶೀಲನೆ) ಹಾಕಿ, ದಿನದ ಕೆಲಸಕ್ಕೆ ಬೇರೆ ಯೂಸರ್ ಮಾಡಿಕೊಳ್ಳಿ. ಬಜೆಟ್ ಅಲರ್ಟ್ ಇಡದೆ ಏನನ್ನೂ ಶುರು ಮಾಡಬೇಡಿ. ಪುಕ್ಕಟೆ ಓಡುವುದಕ್ಕೆ ಇದೇನು ಹತ್ತು ಎಚ್‌ಪಿ ಪಂಪ್‌ಸೆಟ್ಟಿನ ಕರೆಂಟಲ್ಲ. ಪ್ರೈವೇಟ್ ಸಬ್‌ನೆಟ್‌ನಿಂದ ಇಂಟರ್ನೆಟ್‌ಗೆ ಹೋಗಲು ಬೇಕಾಗುವ ನ್ಯಾಟ್ ಗೇಟ್‌ವೇ ಸುಮ್ಮನೆ ಕೂತಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು. 2024ರ ಫೆಬ್ರುವರಿಯಿಂದ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಎಡಬ್ಲ್ಯೂಎಸ್ ಗಂಟೆಗೆ 0.005 ಡಾಲರ್ ಹಾಕುತ್ತಿದೆ. ಅಲರ್ಟ್ ಬರೀ ತಿಳಿಸುತ್ತದೆ, ಖರ್ಚು ನಿಲ್ಲಿಸುವುದಿಲ್ಲ. ಇನ್ನೊಂದು: ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ (ಡೇಟಾ ಸೆಂಟರ್‌ಗಳಿರುವ ಪ್ರದೇಶ) ಸರ್ವರ್ ಓಡಲು ಬಿಟ್ಟು, ಕನ್ಸೋಲ್‌ನಲ್ಲಿ ಹೈದರಾಬಾದ್ ರೀಜನ್ ಆರಿಸಿಕೊಂಡರೆ ಪರದೆ ಮೇಲೆ ಏನೂ ಕಾಣದು, ಬಿಲ್ ಮಾತ್ರ ತಪ್ಪದೆ ಬರುತ್ತದೆ.

ಕ್ಲಿಕ್ ಮಾಡಿ ಕಟ್ಟಿದ್ದನ್ನೆಲ್ಲ ಅಳಿಸಿ, ಸರ್ವರ್, ನೆಟ್‌ವರ್ಕ್‌ಗಳನ್ನು ಕೋಡ್ ಬರೆದು ಕಟ್ಟುವ ಟೆರಾಫಾರ್ಮ್‌ನಲ್ಲಿ ಬರೆದು ಮತ್ತೆ ಎಬ್ಬಿಸಿ. ಬದಲಾವಣೆ ಜಾರಿ ಮಾಡುವ ‘ಅಪ್ಲೈ’ ಕೊಡುವ ಮೊದಲು, ಏನೇನು ಬದಲಾಗುತ್ತದೆಂದು ತೋರಿಸುವ ‘ಪ್ಲಾನ್’ ಪೂರ್ತಿ ಓದಿ. ಅದರಲ್ಲಿ ಅಳಿಸಿಹೋಗುವವುಗಳ ‘ಡಿಸ್ಟ್ರಾಯ್’ ಲೆಕ್ಕ ಸೊನ್ನೆ ಇಲ್ಲದಿದ್ದರೆ, ಏಕೆಂದು ತಿಳಿಯುವ ತನಕ ‘ಯೆಸ್’ ಟೈಪ್ ಮಾಡಬೇಡಿ. ಕಟ್ಟಿದ್ದನ್ನೆಲ್ಲ ಟೆರಾಫಾರ್ಮ್ ದಾಖಲಿಸಿಡುವ ಸ್ಟೇಟ್ ಫೈಲ್‌ನಲ್ಲಿ ಪಾಸ್‌ವರ್ಡ್ ಕೂಡ ಇರಬಹುದು, ಅದನ್ನು ಗಿಟ್‌ಗೆ ಹಾಕಬಾರದು. ಆ್ಯಪ್‌ಗಳನ್ನು ಕಂಟೇನರ್‌ಗಳಲ್ಲಿ ಕಟ್ಟಿ ಓಡಿಸುವ ಡಾಕರ್, ಕುಬರ್ನೆಟೀಸ್ ಇದಾದ ಮೇಲೆ.

ಕೆಲಸಕ್ಕೆ ಸೇರಿದ ಮೇಲೆ ಹೊಸದನ್ನು ಕಟ್ಟುವುದಕ್ಕಿಂತ ಇದ್ದದ್ದನ್ನು ಕಾಯುವುದೇ ಜಾಸ್ತಿ: ಪ್ಯಾಚ್ ಹಾಕುವುದು, ಕಂಪನಿ ಬಿಟ್ಟವರ ಆಕ್ಸೆಸ್ ತೆಗೆಯುವುದು, ಬಿಲ್ ನೋಡುವುದು. ಬ್ಯಾಕಪ್ ಆಗಿದೆ ಎಂದರೆ ಸಾಲದು, ಅದನ್ನು ರೀಸ್ಟೋರ್ ಮಾಡಿ ನೋಡಬೇಕು. ಶೇ 99.9 ಅಪ್‌ಟೈಮ್ ಎಂದು ಒಪ್ಪಿಕೊಂಡರೆ ತಿಂಗಳಿಗೆ ಸರ್ವರ್ ಮಲಗಬಹುದಾದದ್ದು ಸುಮಾರು 43 ನಿಮಿಷ. ಹಾಗಾಗಿ ಯಾವ ಹೊತ್ತಿಗೆ ಕರೆ ಬಂದರೂ ಸರಿಪಡಿಸಲು ಸಿದ್ಧವಿರಬೇಕಾದ ಆನ್‌ಕಾಲ್ ಪಾಳಿ ಇದ್ದೇ ಇರುತ್ತದೆ. ಮನೆಯಿಂದ ಕೆಲಸ ಮಾಡುವವರು ಯುಪಿಎಸ್ ಜೊತೆಗೆ ಬೇರೆ ಕಂಪನಿಯ ಎರಡನೇ ಇಂಟರ್ನೆಟ್ ಇಟ್ಟುಕೊಳ್ಳಿ. ಜಂಬೂಸವಾರಿ ನೋಡುವ ಆಸೆ ಇದ್ದರೆ ಆ ದಿನದ ಪಾಳಿಯನ್ನು ತಿಂಗಳ ಮೊದಲೇ ಅದಲುಬದಲು ಮಾಡಿಕೊಳ್ಳಿ.