ಮನೆ ವೈರಿಂಗ್: ನೀವೇ ಮಾಡಬಹುದಾದದ್ದು ಎಷ್ಟು, ನೋಡಿ ಮಾಡಿಸಬೇಕಾದದ್ದು ಎಷ್ಟು

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಕೆಟ್ಟರೆ ಅಷ್ಟೇ ಆಂಪಿಯರ್‌ನದು ತಂದು ಮನೆಯವರೇ ಹಾಕಿಕೊಳ್ಳಬಹುದು. ಹೊಸ ಪಾಯಿಂಟ್ ಎಳೆಯುವುದು, ಗೀಸರಿಗೆ ಬೇರೆ ಲೈನ್ ಕೊಡುವುದು, ಹೊಸ ಮನೆಗೆ ಪೂರ್ತಿ ವೈರಿಂಗ್ ಮಾಡುವುದು ಹಾಗಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ಅದು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಕೆಲಸ. ಕರ್ನಾಟಕದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮೀಟರ್ ಬೇಕೆಂದು ಬೆಸ್ಕಾಂ, ಹೆಸ್ಕಾಂ ಎಲ್ಲಿಗೆ ಹೋದರೂ ಆ ಗುತ್ತಿಗೆದಾರರ ಸಹಿ ಇರುವ ವೈರಿಂಗ್ ಕಂಪ್ಲೀಷನ್ ರಿಪೋರ್ಟ್ ಕೇಳುತ್ತಾರೆ. ಮನೆಯನ್ನೇ ನೋಡದೆ ಬರೀ ಸಹಿ ಹಾಕಿಸಿಕೊಂಡು ಬರುವ ರೂಢಿ ಇದೆ, ಆ ಕಾಗದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಲೈನ್ ಹಂಚುವುದು, ಸಾಮಾನು ಆರಿಸುವುದು, ಪೈಪ್ ಹಾಕುವಾಗ ಎದುರಿಗಿರುವುದು, ಕರೆಂಟ್ ಕೊಡುವ ಮೊದಲು ತಪಾಸಣೆ ಮಾಡಿಸುವುದು, ಇವು ಮನೆಯವರ ಪಾಲಿನವು.

ಮೊದಲು ಕಾಗದದ ಮೇಲೆ ಲೈನ್ ಹಂಚಿ. ಲೈಟು-ಫ್ಯಾನಿನ ಒಂದು ಸರ್ಕ್ಯೂಟ್‌ಗೆ ಹತ್ತು ಪಾಯಿಂಟ್ ಅಥವಾ 800 ವ್ಯಾಟ್, ಅದಕ್ಕಿಂತ ಹೆಚ್ಚು ಬೇಡ. 1.5 ಚದರ ಮಿಮೀ ವೈರು, 10 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಸಾಕು. 16 ಆಂಪಿಯರ್ ಪವರ್ ಸಾಕೆಟ್ಟಿಗೆ 2.5ರ ವೈರು, ಒಂದು ಸರ್ಕ್ಯೂಟ್‌ಗೆ ಎರಡೇ ಸಾಕೆಟ್. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಅದಕ್ಕೂ ಎಸಿಗೂ ತಲಾ ಒಂದು ಲೈನು, 4ರ ವೈರು, 20 ಆಂಪಿಯರ್ ಎಂಸಿಬಿ. ಅಡುಗೆಮನೆಗೆ ಎರಡು ಪವರ್ ಲೈನ್ ಇಡಿ. ಇಂಡಕ್ಷನ್ ಒಲೆ, ಓವನ್ ಒಟ್ಟಿಗೆ ಉರಿಯುವ ದಿನ ಒಂದೇ ಲೈನು ತಡೆಯುವುದಿಲ್ಲ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಉಳಿಸಲು. ಪದೇಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕಿದರೆ ಬೀಳುವುದು ನಿಲ್ಲುತ್ತದೆ, ವೈರು ಗೋಡೆಯೊಳಗೇ ಬೇಯುತ್ತದೆ.

ಪೈಪಿಗೆ ಮೀಡಿಯಂ ದಪ್ಪದ ಪಿವಿಸಿಯೇ ಆಗಲಿ. ತೆಳ್ಳನೆಯದನ್ನು ಸ್ಲ್ಯಾಬಿನಲ್ಲಿ ಹಾಕಿದರೆ ಕಾಂಕ್ರೀಟ್ ಹಾಕುವವರ ಕಾಲಡಿಗೆ ಸಿಕ್ಕಿ ಒಡೆಯುತ್ತದೆ, ಒಳಗೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾದರೆ ಆ ದಾರಿಯೇ ಮುಚ್ಚಿಹೋಯಿತು. 1.5ರ ವೈರು ಐದರ ತನಕ 20 ಮಿಮೀ ಪೈಪಿನಲ್ಲಿ ಸಲೀಸಾಗಿ ಹೋಗುತ್ತದೆ, ಅದರ ಮೇಲೆ 25 ಹಾಕಿ. ತಿರುವಿನಲ್ಲಿ ಚೂಪು ಮೂಲೆಯ ಎಲ್ಬೋ ಬೇಡ, ನಿಧಾನಕ್ಕೆ ಬಾಗುವ ಬೆಂಡ್ ಇರಲಿ. ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ವೈರು ಐಎಸ್‌ಐ ಗುರುತಿನ ತಾಮ್ರದ್ದು, 90 ಮೀಟರ್ ಕಾಯಿಲ್ ಬರುತ್ತದೆ. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು. ಕಪ್ಪು ಮುಗಿಯಿತೆಂದು ಹಸಿರನ್ನು ನ್ಯೂಟ್ರಲ್ ಮಾಡುವವರನ್ನು ಅಲ್ಲೇ ನಿಲ್ಲಿಸಿ. ಪೈಪಿನ ಒಳಗೆ ಜಾಯಿಂಟ್ ಇರಕೂಡದು, ಬಾಕ್ಸಿನಲ್ಲೇ ಇರಬೇಕು. ಸ್ವಿಚ್ಚಿಗೆ ಬರುವುದು ಯಾವಾಗಲೂ ಫೇಸ್. ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ಕ್ರೂ ಬಿಗಿಯುವಾಗ ಎಳೆಗಳನ್ನೆಲ್ಲ ಹುರಿಮಾಡಿ, ಮಡಚಿ, ಪೂರ್ತಿ ಒಳಗೆ ತೂರಿಸಬೇಕು. ನಾಲ್ಕು ಎಳೆ ಹೊರಗುಳಿದರೂ, ಇನ್ಸುಲೇಷನ್ ಸ್ಕ್ರೂ ಅಡಿಗೆ ಸಿಕ್ಕಿದರೂ ಅಲ್ಲಿ ಬಿಸಿ ಹುಟ್ಟುತ್ತದೆ. ಬಿಗಿದ ಮೇಲೆ ವೈರನ್ನು ಹಿಡಿದು ಒಮ್ಮೆ ಜಗ್ಗಿ ನೋಡಿ. ಗೀಸರ್ ಸಾಕೆಟ್ ಕಂದುಬಣ್ಣಕ್ಕೆ ತಿರುಗುವುದು ಬಹುತೇಕ ಇದೇ ಕಾರಣಕ್ಕೆ.

ಇನ್ನು ಆರ್‌ಸಿಸಿಬಿ. ಓವರ್‌ಲೋಡು, ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. ಮೈಮೇಲೆ ಹರಿದು ನೆಲಕ್ಕಿಳಿಯುವ ಕರೆಂಟು ಅದಕ್ಕೆ ಗೊತ್ತೇ ಆಗುವುದಿಲ್ಲ, ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಫೇಸಿನಲ್ಲಿ ಹೋದಷ್ಟೇ ನ್ಯೂಟ್ರಲಿನಲ್ಲಿ ವಾಪಸ್ ಬಂತೇ ಎಂದಷ್ಟೇ ಅದು ನೋಡುತ್ತದೆ, ಬರದಿದ್ದರೆ ಬೀಳುತ್ತದೆ. ಹಾಗಾಗಿ ಒಂದು ಆರ್‌ಸಿಸಿಬಿಯಿಂದ ಹೊರಟ ಫೇಸಿನ ನ್ಯೂಟ್ರಲ್ ಅದೇ ಆರ್‌ಸಿಸಿಬಿಗೇ ಮರಳಬೇಕು. ಎಡವಟ್ಟು ಆಗುವ ಜಾಗ ಎರಡು. ಮೆಟ್ಟಿಲಿನ ಟೂ-ವೇ (ಮೇಲೂ ಕೆಳಗೂ ಸ್ವಿಚ್ಚಿರುವ) ದೀಪಕ್ಕೆ ಫೇಸನ್ನು ಕೆಳಮನೆಯಿಂದ, ನ್ಯೂಟ್ರಲನ್ನು ಮೇಲ್ಮನೆಯ ಹತ್ತಿರದ ಬಾಕ್ಸಿನಿಂದ ಎತ್ತಿಕೊಂಡಿರುತ್ತಾರೆ. ಎರಡನೆಯದು ಯುಪಿಎಸ್: ಅದರ ಇನ್‌ಪುಟ್ ಒಂದು ಆರ್‌ಸಿಸಿಬಿಯದು, ಅದು ಉರಿಸುವ ದೀಪಗಳ ನ್ಯೂಟ್ರಲ್ ಇನ್ನೊಂದರದು. ಇವೆರಡರಲ್ಲೂ ಏನೂ ಕೆಟ್ಟಿರುವುದಿಲ್ಲ, ಆದರೂ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಕೊನೆಗೆ ಯಾರೋ ಅದನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಡಿಬಿಯಲ್ಲಿ (ಎಂಸಿಬಿ, ಆರ್‌ಸಿಸಿಬಿಗಳು ಕೂರುವ ಪೆಟ್ಟಿಗೆ) ಒಂದೊಂದು ಆರ್‌ಸಿಸಿಬಿಗೂ ಬೇರೆ ನ್ಯೂಟ್ರಲ್ ಪಟ್ಟಿ ಇಟ್ಟು, ಪ್ರತಿ ಕಪ್ಪು ವೈರಿಗೂ ನಂಬರ್ ಅಂಟಿಸಿದರೆ ಈ ತಲೆನೋವೇ ಇಲ್ಲ.

ಇದಕ್ಕಿಂತ ಕೆಟ್ಟದ್ದು, ಅರ್ಥ್ ಬಂದಿಲ್ಲವೆಂದು ಸಾಕೆಟ್ಟಿನಲ್ಲೇ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಕೊಡುವುದು. ಟೆಸ್ಟಿಗೆ ಎಲ್ಲ ಸರಿಯೆಂದೇ ಕಾಣುತ್ತದೆ. ಎಂದೋ ಆ ನ್ಯೂಟ್ರಲ್ ಕಡಿದಾಗ ಗೀಸರಿನ ಮೈಗೇ 230 ವೋಲ್ಟ್ ಬರುತ್ತದೆ, ಯಾರಾದರೂ ಮುಟ್ಟುವ ತನಕ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಸರಿಯಾದ ಅರ್ಥ್ ಎಂದರೆ ನೆಲದಲ್ಲಿ ಹೂತ 40 ಮಿಮೀ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಎರಡೂವರೆ ಮೀಟರ್ ಉದ್ದ, ತೇವ ಉಳಿಯುವ ಜಾಗದಲ್ಲಿ. ಅಲ್ಲಿಂದ ಡಿಬಿಗೆ, ಡಿಬಿಯಿಂದ ಪ್ರತಿ ಸಾಕೆಟ್ಟಿಗೆ ಹಸಿರು ವೈರು. ನಲ್ಲಿ ಪೈಪಿಗೆ ಅರ್ಥ್ ಕಟ್ಟಬೇಡಿ, ಈಗಿನ ಪೈಪುಗಳೆಲ್ಲ ಪ್ಲಾಸ್ಟಿಕ್ಕು.

ಕರೆಂಟ್ ಕೊಡುವ ಮೊದಲು 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಸಿ. ಬಲ್ಬು, ರಿಮೋಟ್ ಫ್ಯಾನು ಯಾವುದೂ ಲೈನಿನಲ್ಲಿ ಇರಬಾರದು, ಇದ್ದರೆ ಅವುಗಳ ಒಳಗಿನ ಬೋರ್ಡು ಸುಡುತ್ತದೆ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಕಡೆ 1 ಮೆಗಾಓಮ್‌ಗಿಂತ ಮೇಲೆ ತೋರಿಸಬೇಕು. ಕಡಿಮೆ ಬಂದರೆ ಒಂದೊಂದೇ ಸರ್ಕ್ಯೂಟ್ ಬಿಚ್ಚಿ ಹುಡುಕಿಸಿ. ಒದ್ದೆ ಗಾರೆಯಲ್ಲಿ ಸಿಕ್ಕಿಕೊಂಡ ಬಾಕ್ಸೋ, ಸ್ಕ್ರೂ ಚುಚ್ಚಿದ ವೈರೋ ಸಿಗುತ್ತದೆ.

ಕರೆಂಟ್ ಬಂದ ಮೇಲೆ ಟೆಸ್ಟರ್ ನಂಬಬೇಡಿ, ಸುಮ್ಮನೆ ಬಿಟ್ಟ ವೈರಿಗೂ ಅದು ಮಿಣಮಿಣ ಎನ್ನುತ್ತದೆ. ಮಲ್ಟಿಮೀಟರಿನಲ್ಲಿ ಪ್ರತಿ ಸಾಕೆಟ್ ಅಳೆಯಿರಿ: ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್. ಗೀಸರ್ ಹಾಕಿದ ಕೂಡಲೇ ಈ ಕೊನೆಯ ಅಂಕಿ ಹತ್ತು ದಾಟಿತೆಂದರೆ ಎಲ್ಲೋ ನ್ಯೂಟ್ರಲ್ ಸಡಿಲವಾಗಿದೆ. ಮೇನ್ ಆಫ್ ಮಾಡಿ ಡಿಬಿಯ ನ್ಯೂಟ್ರಲ್ ಪಟ್ಟಿಯಿಂದಲೇ ಹುಡುಕಲು ಶುರುಮಾಡಿ.