‘ಮಾರ್ಸ್’ ಅನ್ನು ನಾಲ್ಕು ಜನರ ಬ್ಯಾಂಡಿಗೆ ಇಳಿಸಿದ್ದು: ನನ್ನ ಅನುಭವ

ಇಂಗ್ಲಿಷ್ ಸಂಗೀತಕಾರ ಗುಸ್ತಾವ್ ಹೋಲ್ಸ್ಟ್ 1914ರಲ್ಲಿ ಆರ್ಕೆಸ್ಟ್ರಾಗೆ ಬರೆದ ‘ಮಾರ್ಸ್’ (‘ದಿ ಪ್ಲಾನೆಟ್ಸ್’ ಕೃತಿಯ ಮೊದಲ ಭಾಗ) ಪ್ರೋಗ್ರೆಸಿವ್ (ಪ್ರಾಗ್) ರಾಕ್‌ನವರಿಗೆ ಹಳೆಯ ಆಕರ್ಷಣೆ. ಕಿಂಗ್ ಕ್ರಿಮ್ಸನ್ ಬ್ಯಾಂಡಿನವರು 1969ರಲ್ಲಿ ಇದನ್ನು ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದಿಟ್ಟ ವಾದ್ಯಗಳ ಸದ್ದು ಹೊರಡಿಸುವ ಕೀಬೋರ್ಡ್) ಇಟ್ಟುಕೊಂಡು ವೇದಿಕೆಯಲ್ಲಿ ನುಡಿಸುತ್ತಿದ್ದರು. ಮರುವರ್ಷ ಬಂದ ಅವರ ‘ದಿ ಡೆವಿಲ್ಸ್ ಟ್ರಯಾಂಗಲ್’ ಇದರದೇ ಸಂತಾನ. ಎಮರ್ಸನ್, ಲೇಕ್ ಅಂಡ್ ಪವೆಲ್ 1986ರಲ್ಲಿ ನೇರವಾಗಿ ಇದೇ ಹೆಸರಿನಲ್ಲಿ ರೆಕಾರ್ಡ್ ಮಾಡಿದರು. ನಾನು ಇಳಿಸಿದ್ದು ಆರ್ಗನ್ ಮತ್ತು ಸಿಂತ್, ಅಂದರೆ ಸಿಂಥಸೈಜರ್ (ಎರಡಕ್ಕೂ ಒಬ್ಬರೇ), ಗಿಟಾರ್, ಬೇಸ್, ಡ್ರಮ್ಸ್‌ಗೆ. ನೂರು ಜನರ ಆರ್ಕೆಸ್ಟ್ರಾದಿಂದ ನಾಲ್ವರಿಗೆ ಬರುವಾಗ ಯಾವ ವಾದ್ಯದ ಪಾಲು ಯಾರಿಗೆ ಎಂದು ಹಂಚುತ್ತಾ ಕೂತರೆ ಮುಗಿಯುವುದಿಲ್ಲ. ಏನನ್ನು ಬಿಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಬೇಕು. ಇಲ್ಲಿ ಬಿಡಲೇಬಾರದ್ದು ಒಂದೇ, ಲಯದ ಆ ಬಿಡದ ಬಡಿತ.

ಬಡಿತ ಐದು ಬೀಟಿನದು. ಬಾಯಲ್ಲಿ ಹೇಳುವುದಾದರೆ: ತಕಿಟ, ತಾಂ, ತಾಂ, ತಕ, ತಾಂ. ಮೊದಲ ಬೀಟಿನೊಳಗೆ ಮೂರು ಸಮ ಹೊಡೆತ, ನಾಲ್ಕನೆಯದರೊಳಗೆ ಎರಡು, ಉಳಿದವು ಒಂದೊಂದು. ಖಂಡಛಾಪು ಕೈಗೆ ಹತ್ತಿದವರಿಗೆ ಐದು ಹೊಸದಲ್ಲ, ಆದರೆ ಛಾಪು 2+3ಕ್ಕೆ ಒಡೆಯುತ್ತದೆ, ಇದು 3+2ಕ್ಕೆ. ಜೊತೆಗೆ ಒಂದೇ ಬಾರಿನೊಳಗೇ (ಬಾರ್ ಅಂದರೆ ಐದು ಬೀಟಿನ ಒಂದು ಆವರ್ತ) ಗತಿ ತಿಶ್ರದಿಂದ ಚತುರಶ್ರಕ್ಕೆ ಹೊರಳುತ್ತದೆ. ವಾದ್ಯ ಮುಟ್ಟುವ ಮೊದಲು ನಾಲ್ವರೂ ಕೈತಾಳ ಹಾಕಿ ಹತ್ತು ನಿಮಿಷ ಬಿಡದೆ ಹೇಳಬೇಕು. ಇದನ್ನು ತಪ್ಪಿಸಿದರೆ ಮುಂದೆ ಹತ್ತು ಗಂಟೆ ಹೋಗುತ್ತದೆ.

ವೇಗಕ್ಕೆ ನಾನು ನಿಮಿಷಕ್ಕೆ 150 ಬೀಟ್ ಇಟ್ಟೆ. ಲೆಕ್ಕಕ್ಕೆ ಅದು ಅನುಕೂಲ: ಬೀಟಿಗೆ 400 ಮಿಲಿಸೆಕೆಂಡು, ಬಾರಿಗೆ ಸರಿಯಾಗಿ 2 ಸೆಕೆಂಡು, ತಕಿಟದ ಒಂದೊಂದು ಹೊಡೆತ 133 ಮಿಲಿಸೆಕೆಂಡು. ಮೊದಲು ಎಡವುವುದು ಇಲ್ಲೇ. ಮೆಟಲ್ ನುಡಿಸಿ ಪಳಗಿದ ಗಿಟಾರಿಸ್ಟ್‌ನ ಬಲಗೈ ಗೊತ್ತಿಲ್ಲದೆಯೇ 133-133-133 ಅನ್ನು 200-100-100 ಮಾಡುತ್ತದೆ, ಅಂದರೆ ಕುದುರೆ ಓಟದ ಗ್ಯಾಲಪ್. ಆಗ ಯುದ್ಧದ ಯಂತ್ರ ಹೋಗಿ ಕುದುರೆ ಸವಾರಿ ಬರುತ್ತದೆ. ಪಿಕ್ (ತಂತಿ ಮೀಟುವ ಚೂರು) ಓಡುವ ದಿಕ್ಕನ್ನು ಬರೆದುಕೊಟ್ಟರೆ ಸರಿಹೋಗುತ್ತದೆ: ಕೆಳಗೆ-ಮೇಲೆ-ಕೆಳಗೆ, ಕೆಳಗೆ, ಕೆಳಗೆ, ಕೆಳಗೆ-ಮೇಲೆ, ಕೆಳಗೆ. ಪ್ರತಿ ಬೀಟೂ ಕೆಳಮುಖವಾಗಿಯೇ ಶುರುವಾಗುವುದರಿಂದ ಕೈ ತಾಳ ತಪ್ಪುವುದಿಲ್ಲ. 90ರಲ್ಲಿ ಶುರುಮಾಡಿ, ದಿನಕ್ಕೆ ಐದೈದು ಏರಿಸಿ.

ಮೂಲದಲ್ಲಿ ತಂತಿವಾದ್ಯದವರು ಬಿಲ್ಲನ್ನು ತಿರುಗಿಸಿ ಅದರ ಕಡ್ಡಿಯಿಂದ ತಂತಿಗೆ ಬಡಿಯುತ್ತಾರೆ. ಬಡಿತ ಇರುತ್ತದೆ, ಎಳೆತ ಇರುವುದಿಲ್ಲ. ಬೇಸ್‌ನಲ್ಲಿ ಇದನ್ನು ತರಲು ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಒತ್ತಿ ಸದ್ದು ತಡೆಯುವುದು) ಮಾಡಿ ನೋಡಿದೆ, ಏಳು ನಿಮಿಷ ಒಂದೇ ಸಮ ಬರುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ತುರುಕಿ, ಗಟ್ಟಿ ಪಿಕ್‌ನಿಂದ ನುಡಿಸಿದರೆ ಕೆಲಸ ಆಯಿತು. ಸ್ವರ ಜಿ, ದಪ್ಪ ತಂತಿಯ ಮೂರನೇ ಫ್ರೆಟ್, 49 ಹರ್ಟ್ಸ್. ಕಿಕ್ ಡ್ರಮ್ ಕೂಡ ಅಲ್ಲೇ ಸುತ್ತಮುತ್ತ ಕೂತಿರುತ್ತದೆ. ಎರಡೂ ಒಟ್ಟಿಗೆ ಬಿದ್ದಾಗ ಗೊಂಯ್ ಅನ್ನುವ ಸದ್ದು ಬರುತ್ತಿದ್ದರೆ ಕಿಕ್‌ನಲ್ಲಿ 50 ಹರ್ಟ್ಸ್ ಹತ್ತಿರ 4 ಡೆಸಿಬಲ್ ಇಳಿಸಿ, 70ರ ಆಸುಪಾಸು ಸ್ವಲ್ಪ ಏರಿಸಿ.

ಡ್ರಮ್ಮರ್‌ಗೆ ಹೇಳಬೇಕಾದ್ದು ಒಂದೇ: ಬ್ಯಾಕ್‌ಬೀಟ್ ಬೇಡ. ಸ್ನೇರ್ ಎರಡಕ್ಕೂ ನಾಲ್ಕಕ್ಕೂ ಬಿದ್ದ ಕ್ಷಣ ಇದು ಇನ್ನೊಂದು ರಾಕ್ ಹಾಡು, ಅಷ್ಟೆ. ಕಿಕ್ 1 ಮತ್ತು 4ಕ್ಕೆ, ಪೂರ್ತಿ ಬಡಿತ ಫ್ಲೋರ್ ಟಾಮ್ ಮೇಲೆ ಮರದ ಕಡ್ಡಿಯಲ್ಲಿ, ಸ್ನೇರ್ ತಂತಿ ಸಡಿಲ. ಮೊದಲ ಒಂದೂವರೆ ನಿಮಿಷ ಸಿಂಬಲ್ ಮುಟ್ಟುವಂತಿಲ್ಲ. ಗಾಂಗ್ ಇಲ್ಲದಿದ್ದರೆ ದೊಡ್ಡ ರೈಡ್ ಅನ್ನು ಮೆತ್ತನೆಯ ಮ್ಯಾಲೆಟ್‌ನಿಂದ ಉರುಳಿಸಿದರೆ ಸಾಕು.

ಬಡಿತದ ಮೇಲೆ ಏಳುವ ಸ್ವರಗಳು ಜಿ, ಮೇಲಿನ ಡಿ, ಆಮೇಲೆ ಅರ್ಧ ಮೆಟ್ಟಿಲು ಜಾರಿ ಡಿ ಫ್ಲಾಟ್. ಹೆದರಿಕೆ ಇರುವುದೆಲ್ಲ ಆ ಜಾರಿನಲ್ಲಿ. ಆರ್ಗನ್‌ಗೆ ಎಲ್ಲರೂ ಮೊದಲು ಹಾಕುವ ಡ್ರಾಬಾರ್ (ಬೇರೆ ಬೇರೆ ಎತ್ತರದ ಸ್ವರಗಳನ್ನು ಬೆರೆಸುವ ಒಂಬತ್ತು ಎಳೆಗೋಲುಗಳು; ಅಂಕಿ ಪ್ರತಿಯೊಂದರ ಮಟ್ಟ) ಜೋಡಣೆ 888000000. ಇಲ್ಲಿ ಅದು ಕೆಡಿಸುತ್ತದೆ. ಎರಡನೇ ಡ್ರಾಬಾರ್ ಪ್ರತಿ ಸ್ವರದ ಜೊತೆ ಅದರ ಪಂಚಮವನ್ನೂ ಸೇರಿಸುತ್ತದೆ. ಡಿ ಫ್ಲಾಟ್‌ಗೆ ಎ ಫ್ಲಾಟ್ ಅಂಟಿಕೊಂಡು, ಕೆಳಗಿನ ಜಿಗೆ ಅರ್ಧ ಮೆಟ್ಟಿಲಿನಲ್ಲಿ ತಿಕ್ಕಾಡುತ್ತದೆ, ಓವರ್‌ಡ್ರೈವ್ ಕೊಟ್ಟರಂತೂ ಬರೀ ಕೆಸರು. 808000000 ಇಟ್ಟು ನೋಡಿ. ಲೆಸ್ಲಿ (ಆರ್ಗನ್‌ನ ತಿರುಗುವ ಸ್ಪೀಕರ್) ನಿಧಾನ, ಶಿಖರಕ್ಕೆ ಎರಡು ಬಾರ್ ಮುಂಚೆ ವೇಗಕ್ಕೆ ಹಾಕಿ, ಏಕೆಂದರೆ ಅದರ ರೋಟರ್‌ಗಳು ಏರಲು ಸಮಯ ಬೇಕು.

ಗಿಟಾರಿಗೂ ಇದೇ ಮಾತು. ಡಿಸ್ಟಾರ್ಷನ್ ಒಳಗೆ ಹೋದ ಎರಡು ಸ್ವರ ಎರಡಾಗಿ ಹೊರಬರುವುದಿಲ್ಲ, ಅವುಗಳ ಕಂಪನಸಂಖ್ಯೆಯ ಮೊತ್ತವೂ ವ್ಯತ್ಯಾಸವೂ ಸದ್ದಾಗಿ ಕೂಡಿಕೊಳ್ಳುತ್ತವೆ. ಪಂಚಮಕ್ಕೆ ಅದು ಒಪ್ಪುತ್ತದೆ, ಉಳಿದ ಹೆಚ್ಚಿನವಕ್ಕೆ ಇಲ್ಲ. ಹೋಲ್ಸ್ಟ್‌ನ ಸ್ವರಮೇಳಗಳನ್ನು ಪೂರ್ತಿ ಗಿಟಾರಿಗೆ ಕೊಡಬೇಡಿ. ಗಿಟಾರಿಗೆ ಒಂದೇ ಸ್ವರ, ಹೆಚ್ಚೆಂದರೆ ಪಂಚಮ. ಮಿಕ್ಕಿದ್ದು ಸ್ವಚ್ಛ ಆರ್ಗನ್‌ಗೆ. ತಿಕ್ಕಾಟ ಆಂಪ್ ಒಳಗಲ್ಲ, ಎರಡು ಸ್ಪೀಕರ್‌ಗಳ ನಡುವೆ ಗಾಳಿಯಲ್ಲಿ ಆಗಲಿ. ಟೆನರ್ ಟ್ಯೂಬಾಗೆ ಟ್ರಂಪೆಟ್ ಉತ್ತರ ಕೊಡುವ ಜಾಗಕ್ಕೆ ನೆಕ್ ಪಿಕಪ್‌ನ ಫಝ್ ಗಿಟಾರ್ ಮತ್ತು ಗರಗಸದ ಹಲ್ಲಿನಂಥ ಎರಡು ತರಂಗಗಳನ್ನು (ಸಾ ವೇವ್) 7 ಸೆಂಟ್ (ಅರ್ಧ ಮೆಟ್ಟಿಲಿನ ನೂರನೇ ಒಂದು ಪಾಲು ಒಂದು ಸೆಂಟ್) ಅಂತರದಲ್ಲಿಟ್ಟ ಸಿಂತ್ ಸಾಕಾಯಿತು. ಸಿಂತ್‌ನ ಅಟ್ಯಾಕ್ (ಸ್ವರ ಪೂರ್ತಿ ಏರಲು ಹಿಡಿಯುವ ಸಮಯ) 50 ಮಿಲಿಸೆಕೆಂಡ್, ಇಲ್ಲದಿದ್ದರೆ ಹಿತ್ತಾಳೆಯ ಉಸಿರು ಬರುವುದಿಲ್ಲ.

ನಡುವೆ 5/2 (ಬಾರಿಗೆ ಐದು ಉದ್ದ ಎಣಿಕೆ) ಬಂದಾಗ ಮೆಟ್ರೊನೋಮಿನ ಕ್ಲಿಕ್ ಬದಲಿಸಲಿಲ್ಲ. ಎರಡು ಕ್ಲಿಕ್ಕಿಗೆ ಒಂದು ಎಣಿಕೆ, ಬಾರಿಗೆ 4 ಸೆಕೆಂಡು. ಮೂಲದ ವೇಗಕ್ಕೆ ಇದು ಕೂದಲೆಳೆ ನಿಷ್ಠೆಯಲ್ಲ ಎಂದು ಗೊತ್ತು, ಆದರೆ ನಾಲ್ವರು ಒಟ್ಟಿಗೆ ವಾಪಸ್ ಬಂದರು.

ಏರಿಕೆಯನ್ನು ವಾಲ್ಯೂಮ್‌ನಿಂದ ಮಾಡಲು ಹೋಗಬೇಡಿ. ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ಮತ್ತು ಆಂಪ್ ಸೇರಿ ಅದನ್ನು ಚಪ್ಪಟೆ ಮಾಡಿಬಿಡುತ್ತವೆ. ಪದರ ಸೇರಿಸುತ್ತಾ ಹೋಗಿ: ಮೊದಲು ಬೇಸ್ ಮತ್ತು ಟಾಮ್, ಆಮೇಲೆ ಗಿಟಾರ್, ಆಮೇಲೆ ಒಂದು ಆಕ್ಟೇವ್ ಮೇಲೆ ಅದೇ ಗಿಟಾರ್, ಕೊನೆಗೆ ಸಿಂಬಲ್.

ಕೃತಿಸ್ವಾಮ್ಯದ ವಿಷಯ: ಹೋಲ್ಸ್ಟ್ ತೀರಿಕೊಂಡದ್ದು 1934ರಲ್ಲಿ. ಸಾವಿನ ನಂತರ ಎಣಿಸುವ ಭಾರತದ 60 ವರ್ಷವೂ ಬ್ರಿಟನ್ನಿನ 70 ವರ್ಷವೂ ಕಳೆದಿವೆ, ಸ್ಕೋರ್ ಮುಕ್ತ. ರೆಕಾರ್ಡಿಂಗ್‌ಗಳು ಹೆಚ್ಚಿನವು ಮುಕ್ತವಲ್ಲ, ತುಣುಕು ಕತ್ತರಿಸಿ ಹಾಕಬೇಡಿ. 1982ರಲ್ಲಿ ತೀರಿಕೊಂಡ ಜರ್ಮನ್ ಸಂಗೀತಕಾರ ಕಾರ್ಲ್ ಓರ್ಫ್ ಕೃತಿಗಳಿಗೆ ಈ ಸಲೀಸು ಇಲ್ಲ.

ಕೊನೆಯ ಹೊಡೆತಗಳ ನಡುವಿನ ಅಂತರ ಸಮವಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ಊಹಿಸಿದರೆ ಒಬ್ಬರಾದರೂ ಮುಂಚೆ ಬೀಳುತ್ತಾರೆ. ಅರ್ಧ ಬೀಟುಗಳನ್ನು ಕಾಗದದ ಮೇಲೆ ಎಣಿಸಿ ಎಲ್ಲರ ಮುಂದೆ ಅಂಟಿಸಿ. ಕಟ್ಟಕಡೆಯ ಸ್ವರಮೇಳದಲ್ಲಿ ಗಿಟಾರ್ ತಾನೇ ಆರುತ್ತದೆ, ಆರ್ಗನ್ ಕೀ ಬಿಡುವವರೆಗೂ ಆರುವುದಿಲ್ಲ. ಡ್ರಮ್ಮರ್ ಸಿಂಬಲ್ ಹಿಡಿದ ಕ್ಷಣ ಕೀ ಬಿಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.