ಕಾಲೇಜಿನ ಸಭಾಂಗಣಕ್ಕೆ ಊರಿನವರು ಬಂದ ಬಗೆ

ತುಮಕೂರು ಜಿಲ್ಲೆಯ ಬಯಲುಸೀಮೆಯ ಸಣ್ಣ ಪದವಿ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಅಧ್ಯಾಪಕ. ಒಂದು ಕಾಲಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಪ್ರಚಾರೋಪನ್ಯಾಸಗಳಿಗಾಗಿ ಊರೂರಿಗೆ ಹೋಗಿ ವಿಜ್ಞಾನವನ್ನೂ ಚರಿತ್ರೆಯನ್ನೂ ತಿಳಿಗನ್ನಡದಲ್ಲಿ ಹೇಳುತ್ತಿದ್ದರು. ಆ ಮಾತುಗಳೇ ಕಿರುಹೊತ್ತಗೆಗಳಾಗಿ ಜನರ ಕೈಸೇರುತ್ತಿದ್ದವು. ಅಂಥದೊಂದು ಹೊತ್ತಗೆ ನಮ್ಮ ಗ್ರಂಥಾಲಯದಲ್ಲಿ ಕಣ್ಣಿಗೆ ಬಿದ್ದಾಗ, ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸವನ್ನು ನಾವೂ ಏಕೆ ನಡೆಸಬಾರದು ಎನ್ನಿಸಿತು. ಪ್ರಾಂಶುಪಾಲರು ಒಡನೆ ಒಪ್ಪಿದರು.

ಮೊದಲನೆಯದು ಸೋತಿತು. ಬುಧವಾರ ಬೆಳಿಗ್ಗೆ 11ಕ್ಕೆ ಇಟ್ಟುಕೊಂಡಿದ್ದೆವು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಫಲತಾಂಬೂಲ ಎಲ್ಲವೂ ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಕುಳಿತಿದ್ದವರೆಲ್ಲ ಹಾಜರಾತಿಗೆ ಬಂದ ವಿದ್ಯಾರ್ಥಿಗಳು, ಊರಿನವರು ಇಬ್ಬರೇ. ಕೂಲಿಯ ಹೊತ್ತಿನಲ್ಲಿ ಕರೆದರೆ ಯಾರು ತಾನೇ ಬಂದಾರು?

ಹಾಗಾಗಿ ದಿನವನ್ನು ಸಂತೆಯ ದಿನಕ್ಕೆ ಬದಲಾಯಿಸಿ, ಹಳ್ಳಿಯವರು ಕೊನೆಯ ಬಸ್ಸು ಹಿಡಿಯುವುದಕ್ಕೆ ಅಡ್ಡಿಯಾಗದಂತೆ ಮಧ್ಯಾಹ್ನ 3ಕ್ಕೆ ಆರಂಭಿಸಿದೆವು. ಸನ್ಮಾನವನ್ನು ಕೈಬಿಟ್ಟೆವು. ಉಪನ್ಯಾಸಕ್ಕೆ 40 ನಿಮಿಷ, ಸಂವಾದಕ್ಕೆ ಒಂದು ಗಂಟೆ. ಮುದ್ರಿತ ಆಹ್ವಾನಪತ್ರಿಕೆಯ ಬದಲು ವಿದ್ಯಾರ್ಥಿಗಳೇ ಕೈಬರಹದ ಚೀಟಿಗಳನ್ನು ಹಾಲಿನ ಡೇರಿಯಲ್ಲಿ ಮತ್ತು ಶುದ್ಧ ಕುಡಿಯುವ ನೀರಿನ ಘಟಕದ ಬಳಿ ಅಂಟಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ವಿಷಯವನ್ನು ಊರಿನಿಂದಲೇ ಆರಿಸಿಕೊಂಡೆವು: ಕೊಳವೆಬಾವಿಯ ನೀರು.

ಹತ್ತಾರು ಹಳ್ಳಿಗಳ ವಿದ್ಯಾರ್ಥಿಗಳು ತಮ್ಮ ಊರಿನ ನೀರನ್ನು ಬಾಟಲಿಗಳಲ್ಲಿ ತುಂಬಿ, ಹೆಸರು ಬರೆದು ತಂದಿದ್ದರು. ಅತಿಥಿಯಾಗಿ ಬಂದಿದ್ದ ಭೂವಿಜ್ಞಾನಿಗಳು, ನೆಲದಾಳದ ಬಂಡೆಗಳಿಂದ ಫ್ಲೋರೈಡ್ (ಮಿತಿಮೀರಿದರೆ ಮಕ್ಕಳ ಹಲ್ಲನ್ನು ಕಂದುಗಟ್ಟಿಸುವ ಲವಣಾಂಶ) ನೀರಿಗೆ ಇಳಿಯುವ ಬಗೆಯನ್ನು ಹೇಳಿ ಮುಗಿಸಿದ ಮೇಲೆ, ನಾನು ಪ್ರನಾಳಗಳಲ್ಲಿ ಒಂದೊಂದೇ ನೀರನ್ನು ತೆಗೆದುಕೊಂಡು ಜಿರ್ಕೋನಿಯಂ–ಅಲಿಜರಿನ್ ದ್ರಾವಣದ ಹನಿಗಳನ್ನು ಬಿಟ್ಟೆ. ಫ್ಲೋರೈಡ್ ಕಡಿಮೆಯಿದ್ದರೆ ಬಣ್ಣ ಗುಲಾಬಿಯಾಗಿಯೇ ಉಳಿಯುತ್ತದೆ, ಹೆಚ್ಚಿದಂತೆಲ್ಲ ಹಳದಿಗೆ ತಿರುಗುತ್ತದೆ. ನಾಲ್ಕನೆಯ ಪ್ರನಾಳ ಹಳದಿಯಾದಾಗ ಹಿಂದಿನ ಸಾಲಿನವರೆಲ್ಲ ಎದ್ದು ಮೇಜಿನ ಸುತ್ತ ನಿಂತರು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹವೆಂದೂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದೆಂದೂ ಆಗ ಹೇಳಿದೆ. ಭಾಷಣದ ನಡುವೆ ಹೇಳಿದ್ದರೆ ಆ ಅಂಕಿಗಳು ಯಾರ ಮನಸ್ಸಿನಲ್ಲೂ ನಿಲ್ಲುತ್ತಿರಲಿಲ್ಲ.

ತರಕಾರಿ ಚೀಲ ಹಿಡಿದಿದ್ದ ಅಜ್ಜಿಯೊಬ್ಬರು ಕೇಳಿದರು: “ಮೇಷ್ಟ್ರೇ, ನಾವು ದಿನಾ ನೀರು ಕಾಯಿಸಿ ಆರಿಸ್ಕೊಂಡೇ ಕುಡಿಯೋದು. ಆದ್ರೂ ಮೊಮ್ಮಗನ ಹಲ್ಲು ಯಾಕೆ ಕಂದುಗಟ್ಟೈತೆ?” ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷ ಇದೇ ಊರಿನಲ್ಲಿ ಪಾಠ ಹೇಳಿಯೂ ಈ ಒಂದು ಮಾತನ್ನು ಕಾಲೇಜಿನ ಗೋಡೆಯಾಚೆ ತಲುಪಿಸಿರಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ.

ಮಾತಾಡಲು ಹಿಂಜರಿಯುವವರಿಗಾಗಿ ಬಾಗಿಲ ಬಳಿ ಒಂದು ಡಬ್ಬಿ ಇಡುತ್ತೇವೆ. ಅಂದು ಅದರಲ್ಲಿ ಸಿಕ್ಕಿದ ಚೀಟಿಗಳಲ್ಲಿ ಮೂರು ಒಂದೇ ಪ್ರಶ್ನೆಯನ್ನು ಕೇಳಿದ್ದವು: ಶುದ್ಧೀಕರಣ ಘಟಕ ಹೊರಗೆ ಬಿಡುವ ನೀರು ಎಲ್ಲಿಗೆ ಹೋಗುತ್ತದೆ? ಮುಂದಿನ ತಿಂಗಳ ಉಪನ್ಯಾಸಕ್ಕೆ ಅದನ್ನೇ ವಿಷಯವಾಗಿ ಇಟ್ಟುಕೊಂಡೆವು.